ಚೀಟಿಯಲ್ಲಿ ಬಂದ ಪಾರ್ಟು

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಇದು ನನ್ನನ್ನು ಬಾಯಾರು ಎಂದು ಕರೆಯುತ್ತ ಗಣಿತ ಕಲಿತ ಮಕ್ಕಳಿಗೂ ಗೊತ್ತು, ನಮ್ಮ ಮನೆಯವರಿಗೂ ಗೊತ್ತು. ಆದರೆ ಕಳೆದ ತಿಂಗಳು ನಮ್ಮ ಡ್ರಿಲ್ ಮಾಸ್ತರರ ಬೀಳ್ಕೊಡುಗೆಯ ದಿನ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ರೊಟ್ಟಿ ತಟ್ಟುವಾಗ ನೆನಪಾದರೆ ರೊಟ್ಟಿ ಹರಿಯುತ್ತದೆ. ಮನೆಯವರು, ಬರೆದಾದರೂ ಹೊರಗೆ ಹಾಕು ಮಾರಾಯ್ತಿ, ನಮ್ಮ ಮೇಲೆ ಯಾಕೆ ತೀರಿಸಿಕೊಳ್ಳುತ್ತೀ ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಸರಿದರೆ ನಮ್ಮ ಹೈಸ್ಕೂಲು. ಒಂದು ಮಗ್ಗುಲು ಕಬ್ಬು, ಇನ್ನೊಂದು ಮಗ್ಗುಲು ತಂಬಾಕು. ಸಂಸ್ಥೆಯ ಚೇರಮನ್ನರು ಊರಿನ ದೊಡ್ಡ ಕಬ್ಬಿನ ಮನೆತನದವರು. ಶಾಲೆಯ ಜಾಗ ಕೊಟ್ಟವರು ಅವರ ಅಪ್ಪ ಎಂಬುದನ್ನು ಪ್ರತಿ ಭಾಷಣದಲ್ಲೂ ನಮಗೆ ನೆನಪಿಸುತ್ತಾರೆ, ನಾವೆಲ್ಲಿ ಮರೆತು ಜಾಗವನ್ನು ಎತ್ತಿಕೊಂಡು ಹೋಗುತ್ತೇವೋ ಎನ್ನುವ ಹಾಗೆ. ಅಂದು ಅವರೇ ಮುಂದೆ ನಿಂತು ಮಾಸ್ತರರ ತಲೆಗೆ ಕೇಸರಿ ಫೇಟಾ ಸುತ್ತಿಸಿದರು, ಶಾಲು ಹೊದಿಸಿದರು, ಮೈಕು ಹಿಡಿದರು. ಶಿಸ್ತಿನ ಸಿಪಾಯಿ ಎಂದರು. ಕಬಡ್ಡಿಯಲ್ಲಿ ಶಾಲೆಯ ಹೆಸರನ್ನು ಜಿಲ್ಲೆಯ ತನಕ ಒಯ್ದವರು ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಚಪ್ಪಾಳೆ ತಟ್ಟಿ ಮನೆಗೆ ಬರುತ್ತಿದ್ದೆ. ಮಾಸ್ತರರಿಗೆ ನಾಟಕದ ಮೇಲಿದ್ದ ಪ್ರೀತಿಗೆ ಸಂಸ್ಥೆ ಸದಾ ಬೆನ್ನೆಲುಬಾಗಿ ನಿಂತಿತ್ತು ಎಂದೂ ಹೇಳಿಬಿಟ್ಟರು. ನನ್ನ ಮೈ ಉರಿದುಹೋಯಿತು.

ಮಾಸ್ತರರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಸೇರುವುದಿಲ್ಲ. ಕಬಡ್ಡಿ ತಂಡದ ಫೋಟೋದಲ್ಲಿ ಕೂಡ ಅವರು ಎಂದೂ ನಿಂತವರಲ್ಲ. ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ‘ಪುನ್ಹಾ ಸರ್’. ಅವರು ಕಾಗವಾಡದ ಆಚೆಯ ಹಳ್ಳಿಯವರು, ಮನೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ. ಮತ್ತೊಮ್ಮೆ ಮಾಡು ಎನ್ನುವುದಕ್ಕೆ ಅವರ ಬಾಯಲ್ಲಿ ಬರುತ್ತಿದ್ದದ್ದು ‘ಪುನ್ಹಾ’. ಸಾಲು ಸೊಟ್ಟಾದರೆ ಪುನ್ಹಾ, ಲಾಂಗ್ ಜಂಪಿನಲ್ಲಿ ಗೆರೆ ತುಳಿದರೆ ಪುನ್ಹಾ. ಬೈಗುಳವಿಲ್ಲ, ಬೆತ್ತವಿಲ್ಲ. ಗಿಡ್ಡ ಆಳು, ಬಿಳಿ ಪ್ಯಾಂಟು, ಬಿಸಿಲಿಗೆ ಬಣ್ಣ ಹೋದ ಟೊಪ್ಪಿಗೆ. ಚಹಾವನ್ನು ಬಶಿಗೆ ಸುರಿದುಕೊಂಡು ಸುರ್ ಎಂದು ಸದ್ದು ಮಾಡಿ ಕುಡಿಯುತ್ತಿದ್ದರು. ಇಂಗ್ಲಿಷ್ ಕಲಿಸುವ ನಮ್ಮ ಸಹೋದ್ಯೋಗಿಗಳು ಆ ಸದ್ದು ಕೇಳಿದರೆ ಮುಖ ಕಿವಿಚುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಡ್ರಿಲ್ ಮಾಸ್ತರನೆಂದರೆ ಅರ್ಧ ಮಾಸ್ತರ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಅರ್ಧ ಮಾಸ್ತರ ಆದದ್ದರಿಂದಲೇ ನಾಟಕ ಸಂಘ ಅವರ ಪಾಲಿಗೆ ಬಂತು. ಶಾಲೆಗಳಲ್ಲಿ ಸಂಘಗಳ ಕತೆ ಹೇಗಿರುತ್ತದೆ ಎಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ವಿಜ್ಞಾನ ಸಂಘ, ಇಕೋ ಕ್ಲಬ್, ಓದುಗರ ಸಂಘ, ಗ್ರಾಹಕರ ಸಂಘ. ಒಂದೊಂದಕ್ಕೂ ಒಂದೊಂದು ಬ್ಯಾನರ್ ಇರುತ್ತದೆ. ವರ್ಷ ಬದಲಾದಾಗ ಬ್ಯಾನರಿನ ಮೇಲಿನ ಇಸವಿಗೆ ಒಂದು ಕಾಗದದ ಚೂರು ಅಂಟಿಸುತ್ತೇವೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಮೇಲಿನ ಕಚೇರಿಗೆ ಕಳಿಸುತ್ತೇವೆ, ಸಂಘದ ಕೆಲಸ ಮುಗಿಯಿತು. ನನ್ನ ಇಕೋ ಕ್ಲಬ್ಬಿನದೂ ಅದೇ ಹಣೆಬರಹ. ನಾಟಕ ಸಂಘಕ್ಕೆ ಮಾತ್ರ ಬ್ಯಾನರ್ ಇರಲಿಲ್ಲ. ಇವರು ಮಾಡಿಸಲೇ ಇಲ್ಲ. ಹೆಡ್ ಮಾಸ್ತರರು ಫೋಟೋ ಕೇಳಿದರೆ, ಹುಡುಗರು ಇನ್ನೂ ಮಾತೇ ಕಲಿತಿಲ್ಲ, ಬಾಯಿ ಮುಚ್ಚಿ ನಿಂತವರ ಫೋಟೋ ಯಾವ ನಾಟಕದ್ದು ಎಂದು ಕೇಳುತ್ತಿದ್ದರು.

ಪ್ರತಿ ವರ್ಷ ಗ್ಯಾದರಿಂಗಿಗೆ, ಅಂದರೆ ವಾರ್ಷಿಕ ಸಮಾರಂಭಕ್ಕೆ, ಒಂಬತ್ತನೇ ತರಗತಿಯದೊಂದು ನಾಟಕ. ಕತೆಯನ್ನು ಮಕ್ಕಳೇ ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಕೂಡಿ ಕಟ್ಟಬೇಕು. ತರಗತಿಯ ಎಲ್ಲರಿಗೂ ಪಾರ್ಟು ಇರಲೇಬೇಕು, ಒಬ್ಬರೂ ಕೆಳಗೆ ಕೂರುವ ಹಾಗಿಲ್ಲ. ಇನ್ನು ಪಾರ್ಟು ಹಂಚುವುದು ಚೀಟಿ ಎತ್ತಿ. ತಮ್ಮ ಟೊಪ್ಪಿಗೆಯನ್ನು ಅಂಗಾತ ಹಿಡಿದು ಅದರೊಳಗೆ ಚೀಟಿ ಹಾಕಿ ಕುಲುಕುತ್ತಿದ್ದರು. ಹುಡುಗ, ಹುಡುಗಿ, ಕಪ್ಪು, ಕೆಂಪು, ಕಬ್ಬಿನ ಗದ್ದೆಯ ಒಡೆಯರ ಮಗ, ಅದೇ ಗದ್ದೆಯಲ್ಲಿ ಕಬ್ಬು ಕಡಿಯುವವರ ಮಗಳು, ಯಾರಾದರೂ ಸರಿ. ಕೈಗೆ ಬಂದ ಪಾರ್ಟು ಅವರದು. ಅದಲು ಬದಲು ಇಲ್ಲ.

ನನಗೆ ಮೊದಲು ಇದು ಹುಚ್ಚಾಟ ಎನಿಸಿತ್ತು. ದನಿ ಇದ್ದವರಿಗೆ ದೊಡ್ಡ ಪಾರ್ಟು ಕೊಟ್ಟರೆ ನಾಟಕ ಚೆನ್ನಾಗಿ ಬರುವುದಿಲ್ಲವೇ ಎಂದು ಕೇಳಿದೆ. ಬಶಿ ಕೆಳಗಿಟ್ಟು ತಾವು ಓದಿದ ಶಾಲೆಯ ಮಾತು ಹೇಳಿದರು. ಅವರ ಅಪ್ಪ ಒಬ್ಬರ ಮನೆಯಲ್ಲಿ ಆಳಾಗಿದ್ದರಂತೆ. ಶಾಲೆಯಲ್ಲಿ ಇವರಿಗೆ ಪ್ರತಿ ವರ್ಷವೂ ಈಟಿ ಹಿಡಿದು ಬಾಗಿಲಲ್ಲಿ ನಿಲ್ಲುವ ಪಾರ್ಟಂತೆ.

"ಮಾಸ್ತರ ನಮ್ಮ ಮಾರಿ ನೋಡಿ ಪಾರ್ಟ್ ಕೊಡತಿದ್ರರಿ ಬಾಯಾರ. ಮಾರಿ ಅಂದ್ರ ಮಾರಿ ಅಲ್ಲ, ಮನಿ. ಚೀಟಿಗೆ ಯಾರ ಮನೀನೂ ಗೊತ್ತಿರೂದಿಲ್ಲ ನೋಡ್ರಿ."

ಆಮೇಲೆ ನಾನು ತಂಟೆಗೆ ಹೋಗಲಿಲ್ಲ. ಒಂದು ವರ್ಷ ಮೀಸೆ ಬರುತ್ತಿದ್ದ ಒಬ್ಬ ದಾಂಡಿಗನಿಗೆ ಮುದುಕಿಯ ಪಾರ್ಟು ಬಂತು. ಗ್ಯಾದರಿಂಗಿನ ದಿನ ತನ್ನ ಅಜ್ಜಿಯದೇ ಇಳಕಲ್ ಸೀರೆ ಉಟ್ಟು ಬಂದ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಗೆ ಅವನು ಹಾಕಿದ ಕಚ್ಚೆ ನೋಡಿ ತಡೆಯಲಾಗಲಿಲ್ಲ. ಎದ್ದು ನೇರ ಸ್ಟೇಜ್ ಹತ್ತಿ, ಹಂಗಲ್ಲೋ ಭಾಡ್ಯಾ ಎಂದು ಎಲ್ಲರ ಎದುರೇ ಕಚ್ಚೆ ಬಿಚ್ಚಿ ಮತ್ತೆ ಹಾಕಿದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಮಾಸ್ತರರು ಮಾತ್ರ ಪಕ್ಕದಲ್ಲಿ ನಿಂತು, ಅಮ್ಮಾ ಇದ್ದು ಬಿಡ್ರಿ, ನಿಮಗೂ ಎರಡು ಮಾತು ಕೊಡತೀನಿ ಎಂದರು. ಅಜ್ಜಿ ಇದ್ದಳು. ಮೊಮ್ಮಗನಿಗಿಂತ ಚಲೋ ಮಾಡಿದಳು.

ಅವರ ನಾಟಕಕ್ಕೆ ಮೈಕು ಇಲ್ಲ. ತಾಲೀಮಿನಲ್ಲಿ ಅವರು ಶಾಲೆಯ ಗೇಟಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅಲ್ಲಿಗೆ ಕೇಳಿಸದಿದ್ದರೆ ಕೈ ಎತ್ತುತ್ತಿದ್ದರು, ಮಕ್ಕಳೇ ‘ಪುನ್ಹಾ’ ಎಂದು ಕೂಗಿಕೊಂಡು ಮೊದಲಿಂದ ಶುರು ಮಾಡುತ್ತಿದ್ದರು. ತಾಲೀಮಿಗಾಗಿ ನನ್ನ ಕೊನೆಯ ಪಿರಿಯಡ್ಡು ಹಾರಿಸುವುದು ಅವರ ಚಟ. ಒಮ್ಮೆ ಜಗಳಕ್ಕೇ ಹೋದೆ. "ಬಾಯಾರ, ನಿಮ್ಮ ಲೆಕ್ಕ ನಾಳೆ ಮಾಡಿದ್ರೂ ಅಷ್ಟ ಬರತೈತಿ. ಹುಡುಗೂರ ದನಿ ಇವತ್ತ ಬಂದೈತಿ" ಎಂದರು. ಜಗಳ ಆಡಲು ಬಂದವಳು ಮಕ್ಕಳ ತಾಲೀಮು ನೋಡುತ್ತ ಅಲ್ಲೇ ಕಟ್ಟೆಯ ಮೇಲೆ ಕೂತೆ.

ಈಗ ನನ್ನ ಸಿಟ್ಟಿಗೆ ಮೂಲವಾದ ವರ್ಷದ ಮಾತಿಗೆ ಬರುತ್ತೇನೆ, ಹನ್ನೆರಡು ವರ್ಷದ ಹಿಂದಿನದು. ಮಕ್ಕಳು ಕಟ್ಟಿದ್ದ ಕತೆ ಬಹಳ ಸರಳ. ಒಬ್ಬ ಸಾವುಕಾರ ಊರ ಬಾವಿಗೆ ಬೇಲಿ ಹಾಕುತ್ತಾನೆ. ಊರವರು ನ್ಯಾಯ ಹೇಳುವ ಒಬ್ಬ ಹಿರಿಯಳ ಹತ್ತಿರ ಹೋಗುತ್ತಾರೆ. ಅವಳು ತೀರ್ಪು ಕೊಡುತ್ತಾಳೆ. ಸಾವುಕಾರ ಅವಳ ಕಾಲಿಗೆ ಬಿದ್ದು ತಪ್ಪಾಯಿತು ಎನ್ನುತ್ತಾನೆ. ಮಾತಿಲ್ಲದ ಮಕ್ಕಳೆಲ್ಲ ದುಂಡಗೆ ಕುಕ್ಕರುಗಾಲಿನಲ್ಲಿ ಕೂತರೆ ಅದೇ ಬಾವಿ. ಕೊಡ ಇಳಿದಾಗ ಅವರು ಬಾಯಲ್ಲೇ ಗುಳುಗುಳು ಸದ್ದು ಮಾಡಬೇಕು.

ಸಾವುಕಾರನ ಚೀಟಿ ಬಂದದ್ದು ಚೇರಮನ್ನರ ಮಗ ಪ್ರತೀಕನಿಗೆ. ಹಿರಿಯಳ ಚೀಟಿ ಬಂದದ್ದು ಸುರೇಖಾಳಿಗೆ. ಸುರೇಖಾಳ ತಾಯಿ ಬೀಡಿ ಕಟ್ಟುತ್ತಿದ್ದಳು, ತಂದೆ ಚೇರಮನ್ನರ ಹೊಲದಲ್ಲಿ ಕಬ್ಬು ಕಡಿಯುವ ಟೋಳಿಯಲ್ಲಿ, ಅಂದರೆ ಆಳುಗಳ ಗುಂಪಿನಲ್ಲಿ, ಇದ್ದ. ಅವರ ಕೇರಿ ಹಳ್ಳದ ಆಚೆ. ಯಾವ ಕೇರಿ ಎಂದು ನಾನು ಬಿಡಿಸಿ ಹೇಳಬೇಕಿಲ್ಲ, ಹಳ್ಳದ ಆಚೆ ಎಂದರೆ ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತದೆ.

ಮಕ್ಕಳಿಗೆ ಏನೂ ಅನಿಸಿರಲಿಲ್ಲ. ಪ್ರತೀಕನಿಗಂತೂ ಬೀಳುವುದೇ ಖುಷಿ. ಸಿಕ್ಕಸಿಕ್ಕಲ್ಲಿ, ಲೈಬ್ರರಿಯಲ್ಲಿ, ನೀರಿನ ನಲ್ಲಿಯ ಹತ್ತಿರ, ದೊಪ್ಪನೆ ಬಿದ್ದು ತೋರಿಸುತ್ತಿದ್ದ. ಸುರೇಖಾ ಮೊದಮೊದಲು ಅವನು ಬಿದ್ದಾಗ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಮಾಸ್ತರರು ಗೇಟಿನ ಹತ್ತಿರದಿಂದ ಬಂದು, ನ್ಯಾಯ ಹೇಳುವವರು ಹಿಂದೆ ಸರಿಯಬಾರದು ಮಗಾ ಎಂದು ತಿದ್ದಿದರು. ನಾಕು ದಿನಕ್ಕೆ ಅವಳ ದನಿ ನಿಜವಾಗಿಯೂ ಗೇಟಿನ ತನಕ ಹೋಗತೊಡಗಿತು.

ದೊಡ್ಡವರಿಗೆ ಮಾತ್ರ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಚೇರಮನ್ನರು ಸ್ಟಾಫ್ ರೂಮಿಗೇ ಬಂದರು. ಏರುದನಿಯಿಲ್ಲ, ಸಿಟ್ಟಿಲ್ಲ, ಎಲ್ಲರಿಗೂ ಚಹಾ ತರಿಸಿದರು.

"ಸರ, ನಾಟಕ ನಾಟಕನ ಖರೆ. ಆದ್ರ ಊರ ಊರ ಐತಿ. ನಮ್ಮ ಹುಡುಗ ಅಕೀ ಕಾಲಿಗೆ ಬಿದ್ರ ನಾಳೆ ಮಂದಿ ನನ್ನ ಮುಂದ ಏನ ಮಾತಾಡತಾರ?"

"ಚೀಟಿ ಅವನ ಎತ್ಯಾನರಿ ಸಾಹೇಬ್ರ. ನಾ ಏನ ಮಾಡ್ಲಿ?" ಎಂದರು ಮಾಸ್ತರರು.

ಹೆಡ್ ಮಾಸ್ತರರು ನಡುವೆ ಬಂದು ಒಂದೊಂದೇ ಉಪಾಯ ಹೇಳತೊಡಗಿದರು. ಕಾಲಿಗೆ ಬೀಳುವ ಬದಲು ದೂರದಿಂದ ಕೈ ಮುಗಿದರೆ ಸಾಕಲ್ಲವೇ? ಸುರೇಖಾಳನ್ನು ಬಾವಿಯಲ್ಲಿ ಕೂರಿಸಿ ಡಾಕ್ಟರರ ಮಗಳಿಗೆ ಹಿರಿಯಳ ಪಾರ್ಟು ಕೊಟ್ಟರೆ ಹೇಗೆ? ಡಾಕ್ಟರರ ಮಗಳ ಕಾಲಿಗಾದರೆ ಬೀಳಬಹುದಂತೆ! ಅಲ್ಲಿಗೆ ಮಾತಿನ ಬಣ್ಣ ಬಯಲಾಯಿತು. ಬೀಳುವುದು ತಪ್ಪಲ್ಲ, ಯಾರ ಕಾಲಿಗೆ ಎನ್ನುವುದೇ ತಪ್ಪು. ನಾಚಿಕೆಗೇಡು. ಮಾಸ್ತರರು ಎಲ್ಲವನ್ನೂ ಕೇಳಿ, ಮುಂದಿನ ವರ್ಷ ಬೇಕಾದರೆ ಚೀಟಿ ಎತ್ತುವ ಮೊದಲೇ ಹೇಳಿರಿ, ಈಗ ಎತ್ತಿ ಆಗಿದೆ ಎಂದು ಎದ್ದು ಮೈದಾನಕ್ಕೆ ಹೋದರು.

ಗ್ಯಾದರಿಂಗಿನ ಹಿಂದಿನ ದಿನ ಸುರೇಖಾಳ ತಾಯಿ ಬಂದಳು. ಬೀಡಿಯ ತಂಬಾಕಿನ ಘಾಟು ಅವಳ ಸೀರೆಯ ತುಂಬ ಇತ್ತು. ನನ್ನನ್ನೂ ಮಾಸ್ತರರನ್ನೂ ಜೊತೆಗೆ ಕಂಡು, ನಮ್ಮ ಹುಡುಗಿಗೆ ಬೇರೆ ಏನಾದರೂ ಕೊಡಿರಿ, ಅವಳಪ್ಪ ಅವರ ಹೊಲಕ್ಕೇ ಹೋಗಬೇಕು ಎಂದು ನನ್ನ ಕೈ ಹಿಡಿದುಕೊಂಡಳು. ಚೇರಮನ್ನರಿಗೆ ಇಲ್ಲ ಎಂದ ಮನುಷ್ಯ ಈ ತಾಯಿಗೆ ಇಲ್ಲ ಎನ್ನಲಾರದೆ ಒದ್ದಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಕೊನೆಗೆ ಸುರೇಖಾಳನ್ನೇ ಕರೆದು ನೀನೇ ಹೇಳು ಎಂದರು. ಅವಳು ತಾಯಿಯ ಮುಖ ನೋಡಲಿಲ್ಲ.

"ಅವ್ವಾ, ನಾ ಕೇಳಿ ಇಸಕೊಂಡಿಲ್ಲ. ನನ್ನ ಕೈಯಾಗ ಬಂದೈತಿ. ನಾ ಮಾಡಾಕಿ."

ಮರುದಿನ ಸಂಜೆ ನಾಟಕ ಶುರುವಾಯಿತು. ಚೆನ್ನಾಗಿ ನಡೆಯಿತು. ಬಾವಿ ಗುಳುಗುಳು ಎಂದಾಗ ಜನ ಬಿದ್ದು ಬಿದ್ದು ನಕ್ಕರು. ಪ್ರತೀಕ ಬೇಲಿ ಹಾಕಿದ. ಸುರೇಖಾ ಹಸಿರು ಸೀರೆ ಉಟ್ಟು ನ್ಯಾಯದ ಕಟ್ಟೆಯ ಮೇಲೆ ಬಂದು ಕೂತಳು. ತೀರ್ಪು ಹೇಳಲು ಎದ್ದು ನಿಂತಳು, ಬಾಯಿ ತೆರೆದಳು, ಪರದೆ ಸರ್ರನೆ ಬಂತು. ಪರದೆಯ ಹಗ್ಗ ಹಿಡಿದಿದ್ದವನು ಚೇರಮನ್ನರ ಡ್ರೈವರ್. ಅವನನ್ನು ಅಲ್ಲಿ ಯಾವಾಗ ನಿಲ್ಲಿಸಿದ್ದರೋ! ಮೈಕಿನಲ್ಲಿ ಹೆಡ್ ಮಾಸ್ತರರ ದನಿ: ಈಗ ಗಣ್ಯರ ಸತ್ಕಾರ. ಒಬ್ಬೊಬ್ಬರಿಗೂ ಫೇಟಾ ಸುತ್ತಬೇಕು. ನಮ್ಮ ಕಡೆ ಫೇಟಾ ಸುತ್ತುವುದು ಎಂದರೆ ಬೇಗ ಮುಗಿಯುವ ಕೆಲಸವೇ? ಸುತ್ತಿದರು, ತುರಾಯಿ ಸರಿಮಾಡಿದರು, ಫೋಟೋ ತೆಗೆದರು, ಮುಂದಿನವರನ್ನು ಕರೆದರು. ಜನ ಊಟದ ಹೊತ್ತಾಯಿತೆಂದು ಎದ್ದು ಹೋಗತೊಡಗಿದರು.

ನಾನು ಪರದೆಯ ಹಿಂದೆ ಹೋದೆ. ಮಕ್ಕಳು ಇನ್ನೂ ಬಾವಿಯಾಗಿ ಕೂತಿದ್ದರು. ಪರದೆ ಮತ್ತೆ ತೆರೆಯುತ್ತದೆ ಎಂದು ಕುಕ್ಕರುಗಾಲಿನಲ್ಲೇ, ಕಾಲು ಜೋಮು ಹಿಡಿದರೂ ಅಲುಗದೆ ಕೂತಿದ್ದರು. ಸುರೇಖಾ ನಿಂತಲ್ಲೇ ನಿಂತಿದ್ದಳು. ಜನಗಣಮನ ಆಗಿ ಎಲ್ಲ ಮುಗಿದಾಗ ಅವಳು ಮಾಸ್ತರರನ್ನು ಕೇಳಿದ್ದು ಇಷ್ಟೇ.

"ಸರ, ನಾ ತೀರ್ಪ ಹೇಳಲೇ ಇಲ್ಲಲ್ರಿ?"

ಅವರು ಅವಳ ತಲೆಯ ಮೇಲೆ ಕೈ ಇಟ್ಟು, ನಾಳೆ ಬೆಳಿಗ್ಗೆ ತಪ್ಪಿಸದೆ ಶಾಲೆಗೆ ಬಾ ಎಂದರು.

ಮರುದಿನ ಶನಿವಾರ, ಬೆಳಗಿನ ಶಾಲೆ, ಸಾಮೂಹಿಕ ಕವಾಯತಿನ ದಿನ. ಇಡೀ ಶಾಲೆಯಲ್ಲಿ ಡ್ರಿಲ್ ಮಾಸ್ತರರ ಮಾತು ನಡೆಯುವ ಜಾಗ ಅದೊಂದೇ. ಮಕ್ಕಳು ಸಾಲಾಗಿ ನಿಂತರು, ನಾವು ಮಾಸ್ತರರೆಲ್ಲ ಎದುರು ನಿಂತೆವು. ಪ್ರಾರ್ಥನೆ ಆಯಿತು. ಅವರು ‘ಸಾವಧಾನ್’ ಎಂದರು. ಎಲ್ಲರೂ ಸೆಟೆದು ನಿಂತೆವು. ಮುಂದಿನ ಆಜ್ಞೆ ಬರುವ ತನಕ ಅಲುಗುವ ಹಾಗಿಲ್ಲ, ಅದು ಅವರೇ ನಮಗೆ ಇಷ್ಟು ವರ್ಷ ಕಲಿಸಿದ್ದು.

"ಒಂಬತ್ತನೇದವರ, ಬಾವಿ ಕಟ್ರಿ" ಎಂದರು.

ಮಕ್ಕಳು ಓಡಿಬಂದು ಮೈದಾನದ ನಡುವೆ ದುಂಡಗೆ ಕೂತರು. ಹೆಡ್ ಮಾಸ್ತರರು ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದರು. ಮಾಸ್ತರರು ಅವರ ಕಡೆ ತಿರುಗಿ ಬಹಳ ಮರ್ಯಾದೆಯಿಂದ, ಸಾವಧಾನ್ ಐತ್ರಿ ಸರ್ ಎಂದರು. ಹೆಡ್ ಮಾಸ್ತರರು ಹೆಜ್ಜೆ ಹಿಂದಕ್ಕೆ ತೆಗೆದುಕೊಂಡರು! ಸಿಟ್ಟಿನ ಈ ಕತೆಯಲ್ಲಿ ನನಗೆ ನಗು ಬರುವುದು ಅದೊಂದೇ ಕಡೆ.

ಸುರೇಖಾ ಯೂನಿಫಾರ್ಮಿನಲ್ಲೇ ಬಂದು ನಿಂತಳು. ಹಸಿರು ಸೀರೆ ಇಲ್ಲ, ಕಟ್ಟೆ ಇಲ್ಲ. "ಬೇಲಿ ಹಾಕಿದ ಕೈಲೇನ ಬೇಲಿ ಕೀಳಬೇಕು. ಮೊದಲನೇ ಕೊಡಾ ನೀನ ಸೇದಿ, ನೀರ ಸಿಗಲಾರದ ಹೋದವರ ಮನಿಗೆ ಹೊತ್ತ ಮುಟ್ಟಸಬೇಕು" ಎಂದಳು. ಗೇಟಿನ ಆಚೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ ನೋಡಿದ. ಪ್ರತೀಕ ಉದ್ದಕ್ಕೂ ಬಿದ್ದ. ತಾಲೀಮಿನ ಹಾಗೆ ದೊಪ್ಪನೆ ಅಲ್ಲ, ಮೆಲ್ಲಗೆ ಮೊಣಕಾಲೂರಿ, ಹಣೆ ಮುಟ್ಟಿಸಿ, ತಪ್ಪಾತು ಎಂದ. ಅವಳು ಕಾಲು ಹಿಂದೆ ಎಳೆಯಲಿಲ್ಲ. ಅವನು ಎದ್ದು ಬಾವಿಗೆ ಕೊಡ ಇಳಿಸಿದ. ಮಕ್ಕಳು ಗುಳುಗುಳು ಎಂದರು. ಇಡೀ ಶಾಲೆಯಲ್ಲಿ ಯಾರೂ ನಗಲಿಲ್ಲ.

ಅದರ ಬೆಲೆ ತೆತ್ತವರು ಯಾರು ಎಂದು ಹೇಳಿಬಿಡುತ್ತೇನೆ. ಮಾಸ್ತರರಿಗೆ ಶಿಸ್ತು ಭಂಗದ ನೋಟೀಸು ಬಂತು. ಡ್ರಿಲ್ ಮಾಸ್ತರನಿಗೆ ಶಿಸ್ತು ಭಂಗ! ನಾಟಕ ಸಂಘವನ್ನು ಅವರ ಕೈಯಿಂದ ತೆಗೆದು ಒಂದು ಸಾಂಸ್ಕೃತಿಕ ಸಮಿತಿಗೆ ಕೊಟ್ಟರು. ಸಮಿತಿಯವರು ಬ್ಯಾನರ್ ಮಾಡಿಸಿದರು. ಅಂದಿನಿಂದ ಗ್ಯಾದರಿಂಗಿನಲ್ಲಿ ನಾಟಕವಿಲ್ಲ, ನಿಪ್ಪಾಣಿಯಿಂದ ಬಾಡಿಗೆ ಡ್ರೆಸ್ ತರಬಲ್ಲ ಮಕ್ಕಳ ಸಿನಿಮಾ ಕುಣಿತ. ಉಳಿದವರು ಕೆಳಗೆ ಜಮಖಾನೆಯ ಮೇಲೆ ಕೂತು ನೋಡುತ್ತಾರೆ. ಸುರೇಖಾಳ ಅಪ್ಪನನ್ನು ಆ ಹಂಗಾಮಿನಲ್ಲಿ ಕಬ್ಬಿನ ಟೋಳಿಗೆ ಕರೆಯಲಿಲ್ಲ. ಮಾಸ್ತರರೇ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ರಾಯಬಾಗದ ಕಡೆಯ ಒಂದು ಟೋಳಿಗೆ ಸೇರಿಸಿ ಬಂದರು. ವರ್ಷವರ್ಷವೂ ನಾಟಕ ಸಂಘ ತಿರುಗಿ ಕೊಡಿರಿ ಎಂದು ಕೇಳುತ್ತಿದ್ದರು. ಹೆಡ್ ಮಾಸ್ತರರು ಬದಲಾದರು, ಉತ್ತರ ಬದಲಾಗಲಿಲ್ಲ.

ಇಂಥ ಸಂಸ್ಥೆ ಬೆನ್ನೆಲುಬಾಗಿ ನಿಂತಿತ್ತಂತೆ. ಬೀಳ್ಕೊಡುಗೆಯ ಸಭೆಯಲ್ಲಿ ಅದನ್ನು ಕೇಳಿ ನಾನು ಎದ್ದು ನಿಂತೆ. ಪಕ್ಕದ ಹಿಂದಿ ಬಾಯಾರು ಸೆರಗು ಹಿಡಿದು ಜಗ್ಗಿದರು, ಕೂರಲಿಲ್ಲ.

"ಸಾಹೇಬ್ರ, ಅವತ್ತ ಪರದೆ ಎಳಿಸಿದವರು ನೀವ ಅಲ್ರಿ?"

ಚೇರಮನ್ನರು ನಕ್ಕು, ಶುಭ ಕಾರ್ಯದಲ್ಲಿ ಹಳೆಯ ಮಾತು ಯಾಕೆ ತೆಗೆಯುತ್ತೀರಿ ಬಾಯಾರ ಎಂದರು. ಆಗ ವೇದಿಕೆಯ ಮೇಲಿದ್ದ ಪ್ರತೀಕ ಎದ್ದ. ಈಗ ಅವನೂ ಸಂಸ್ಥೆಯ ಡೈರೆಕ್ಟರ್. "ಬಾಯಾರು ಖರೆ ಹೇಳಾಕತ್ತಾರಪ್ಪಾ. ನಾ ಅಕೀ ಕಾಲಿಗೆ ಬಿದ್ದಿದ್ದೆ. ನನಗೇನೂ ಆಗಲಿಲ್ಲ" ಎಂದ. ಜನ ಚಪ್ಪಾಳೆ ತಟ್ಟಿದರು. ಎಂಥ ದೊಡ್ಡ ಮನಸ್ಸು ಎಂದರು. ಹಿಂದಿನ ಸಾಲಿನಲ್ಲಿ ಮಗುವನ್ನು ಎತ್ತಿಕೊಂಡು ಸುರೇಖಾ ಕೂತಿದ್ದಳು, ರಾಯಬಾಗದಿಂದ ಬಸ್ಸು ಹಿಡಿದು ಬಂದಿದ್ದಳು. ಅವಳ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿತು.

"ನಿನಗೇನೂ ಆಗಲಿಲ್ಲೋ ತಮ್ಮಾ. ಅಕೀ ಅಪ್ಪನ ಕೆಲಸ ಹೋತು, ಸರದು ನಾಟಕ ಹೋತು. ನೀ ಡೈರೆಕ್ಟರ್ ಆದ ಮ್ಯಾಲೆ ಒಮ್ಮೆರ ಅದನ್ನ ತಿರುಗಿ ಕೊಡ್ರಿ ಅಂದಿಯೇನು?"

ಅವನು ಹೋಗಿ ತನ್ನ ಕುರ್ಚಿಯಲ್ಲಿ ಕೂತ. ಈಗಿನ ಹೆಡ್ ಮಾಸ್ತರರು ಗಡಿಬಿಡಿಯಿಂದ ಮೈಕನ್ನು ಮಾಸ್ತರರ ಕೈಗೆ ಕೊಟ್ಟರು, ಸಭೆಯನ್ನು ಬೇರೆ ಕಡೆ ತಿರುಗಿಸಲಿ ಎಂದು. ಮಾಸ್ತರರು ಮೈಕನ್ನು ಮೇಜಿನ ಮೇಲಿಟ್ಟರು. ಫೇಟಾ ತೆಗೆದು ಅದರ ಪಕ್ಕ ಇಟ್ಟರು. ವೇದಿಕೆಯ ಅಂಚಿಗೆ ಬಂದು, ಜಮಖಾನೆಯ ಮೇಲೆ ಕೂತಿದ್ದ ಮಕ್ಕಳಿಗೆ ಎರಡೂ ಕೈ ಮುಗಿದರು.

"ಇಷ್ಟ ವರ್ಷ ಒಂಬತ್ತನೇ ಕ್ಲಾಸ ದಾಟಿ ಹೋದ ಹುಡುಗೂರಿಗೆಲ್ಲಾ ನಾ ಒಂದೊಂದ ಪಾರ್ಟ್ ಕೊಡಬೇಕಾಗಿತ್ತು. ಕೊಡಾಕ ಆಗಲಿಲ್ಲ. ನನ್ನ ಮಾಫ್ ಮಾಡ್ರಿ" ಎಂದರು.

ಅವರ ದನಿ ಗೇಟಿನ ತನಕ ಕೇಳಿಸಿರಬೇಕು. ಮಾಫಿ ಕೇಳಬೇಕಾಗಿದ್ದವರೆಲ್ಲ ಅವರ ಬೆನ್ನ ಹಿಂದೆ ಸಾಲಾಗಿ ಕುರ್ಚಿಯ ಮೇಲೆ ಕೂತಿದ್ದರು. ಒಬ್ಬರೂ ಏಳಲಿಲ್ಲ.